ಶಕ 556, ಕಲಿ 3735, ಸೆಲ್ಯೂಸಿಡ್ 945: ಕ್ರಿ.ಶ. 634ನ್ನು ಕೈಯಾರೆ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಐಹೊಳೆಯ ಮೇಗುತಿ ಗುಡ್ಡ ಹತ್ತಿ ಜಿನಾಲಯದ ಪೂರ್ವದ ಹೊರಗೋಡೆಯ ಮುಂದೆ ನಿಂತರೆ, ಕಲ್ಲಿನಲ್ಲಿ ಕೊರೆದ 19 ಸಾಲು ಕಾಣುತ್ತವೆ. ಇಮ್ಮಡಿ ಪುಲಕೇಶಿಯ ಮೇಲೆ ರವಿಕೀರ್ತಿ ಬರೆದ ಪ್ರಶಸ್ತಿ, ಅಂದರೆ ಹೊಗಳಿಕೆಯ ಕಾವ್ಯ ಅದು. ಹರ್ಷ ಸೋತ ಸುದ್ದಿಗಾಗಿ, ಕಾಳಿದಾಸ ಮತ್ತು ಭಾರವಿಯ ಹೆಸರಿಗಾಗಿ ಎಲ್ಲರೂ ಆ ಶಾಸನವನ್ನು ನೆನೆಯುತ್ತಾರೆ. ನನ್ನನ್ನು ಅಲ್ಲಿ ಹಿಡಿದು ನಿಲ್ಲಿಸುವುದು ಕೊನೆಕೊನೆಗೆ ಬರುವ ಎರಡು ಸಂಖ್ಯೆಗಳು. ಶಾಲೆಯ ಪುಸ್ತಕ ಅವನ್ನು ‘ಕ್ರಿ.ಶ. 634’ ಎಂದು ಒಂದೇ ಸಲಕ್ಕೆ ಮುಗಿಸಿಬಿಡುತ್ತದೆ.

ಆದರೆ ಆ ವರ್ಷ ಬದುಕಿದ್ದ ಜನ ಅದನ್ನು 634 ಎಂದು ಕರೆಯುತ್ತಿರಲಿಲ್ಲ. ಕ್ರಿಸ್ತ ಹುಟ್ಟಿದ ವರ್ಷದಿಂದ ಎಣಿಸುವ ಪದ್ಧತಿಯನ್ನು ಡಯೊನೀಸಿಯಸ್ ಎಂಬ ಸನ್ಯಾಸಿ 525ರಲ್ಲಿ ರೋಮ್‌ನಲ್ಲಿ ಹೊಸೆದಿದ್ದರೂ, ದಿನದ ಬಳಕೆಗೆ ಅದಿನ್ನೂ ಬಂದಿರಲಿಲ್ಲ. ಹಾಗಾಗಿ 634 ಎಂಬುದು ನಾವು ಹಚ್ಚಿದ ಚೀಟಿ. ಅದರ ಕೆಳಗೆ ಏನಿದೆ ಎಂದು ನಾವೇ ಬಿಡಿಸಿ ನೋಡಬಹುದು. ಪೆನ್ನು, ಕಾಗದ, ಕೂಡಿಸಿ ಕಳೆಯುವ ತಾಳ್ಮೆ ಇದ್ದರೆ ಸಾಕು. ಈ ಒಂದು ವರ್ಷದ ಮೇಲೆ ಕೈ ಕೂತರೆ ಆ ಕಾಲದ ಯಾವ ಶಾಸನ ಎದುರಾದರೂ ಹೆದರಿಕೆ ಆಗುವುದಿಲ್ಲ.

ಹೆಜ್ಜೆ 1: ಪದಗಳಿಂದ ಸಂಖ್ಯೆ ಬಿಡಿಸಿ

ರವಿಕೀರ್ತಿ ಅಂಕಿ ಬರೆದಿಲ್ಲ, ಸಂಸ್ಕೃತ ಪದಗಳಲ್ಲಿ ಹೇಳಿದ್ದಾನೆ. ಮೊದಲ ಸಂಖ್ಯೆ ಭಾರತ ಯುದ್ಧದಿಂದ ಎಣಿಸಿದ್ದು, ಅದೇ ಇಲ್ಲಿ ಕಲಿವರ್ಷ. ‘ತ್ರಿಂಶತ್ಸು’ ಅಂದರೆ 30, ‘ತ್ರಿಸಹಸ್ರೇಷು’ ಅಂದರೆ 3000. ಆಮೇಲೆ ಏಳು ನೂರು, ಕೊನೆಗೆ ‘ಪಂಚಸು’, ಅಂದರೆ 5. ಕೂಡಿಸಿ: 3735. ಎರಡನೆಯದು ಶಕ ರಾಜರ ಕಾಲದ್ದು. ‘ಪಂಚಾಶತ್ಸು’ 50, ‘ಷಟ್ಸು’ 6, ‘ಪಂಚಶತಾಸು’ 500. ಒಟ್ಟು 556.

ಇಲ್ಲೊಂದು ಗುಂಡಿ ಇದೆ. ‘ಪಂಚಾಶತ್ಸು’ ಎಂಬ ಪದದ ಬೆನ್ನಿಗೇ ‘ಕಲೌ ಕಾಲೇ’ ಬರುತ್ತದೆ, ಅಂದರೆ ಕಲಿಕಾಲದಲ್ಲಿ. ಅವಸರದಲ್ಲಿ ಓದಿದವರು ಆ 50ನ್ನು ಮೊದಲ ಸಂಖ್ಯೆಗೆ ಅಂಟಿಸಿಬಿಡಬಹುದು. ಆಗ ಕಲಿ 3785, ಶಕ 506 ಆಗುತ್ತದೆ. ಯಾವುದು ಸರಿ ಎಂದು ತಿಳಿಯುವುದು ಹೇಗೆ?

ಕಲಿವರ್ಷಕ್ಕೂ ಶಕವರ್ಷಕ್ಕೂ ಇರುವ ಅಂತರ 3179. ಜ್ಯೋತಿಷಿಗಳ ಲೆಕ್ಕದಲ್ಲಿ ಅದು ಬದಲಾಗುವುದಿಲ್ಲ. 3785ರಿಂದ 506 ಕಳೆದರೆ 3279 ಬರುತ್ತದೆ, ಪೂರಾ ನೂರು ಜಾಸ್ತಿ. 3735ರಿಂದ 556 ಕಳೆಯಿರಿ: 3179. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. 50 ಶಕದ ಕಡೆಗೇ ಸೇರಬೇಕು. ಹಳೆಯ ಪದ್ಯದಲ್ಲಿ ಎರಡು ಕಾಲಗಣನೆ ಒಟ್ಟಿಗೆ ಸಿಕ್ಕರೆ ಮೊದಲು ಮಾಡಬೇಕಾದ ಕೆಲಸ ಇದೇ, ಒಂದರಿಂದ ಇನ್ನೊಂದನ್ನು ಕಳೆದು ನೋಡುವುದು.

ಈ ಪರೀಕ್ಷೆ ಓದಿನ ತಪ್ಪನ್ನು ಹಿಡಿಯುತ್ತದೆ, ಅಷ್ಟೇ. ಎರಡು ಸಂಖ್ಯೆ ಹೊಂದಿದವು ಅಂತ ಎರಡು ಸಾಕ್ಷಿ ಸಿಕ್ಕಿದವು ಎಂದುಕೊಳ್ಳಬೇಡಿ. ಶಕಕ್ಕೆ 3179 ಕೂಡಿಸಿದರೆ ಕಲಿ ಬಂದೇ ಬರುತ್ತದೆ. ಒಂದೇ ಸಾಕ್ಷಿ ಎರಡು ಭಾಷೆಯಲ್ಲಿ ಮಾತಾಡಿದ ಹಾಗೆ.

ಆದರೂ ಈ ಕಲಿ ಸಂಖ್ಯೆ ನನಗೆ ಬಹಳ ಬೆಲೆಯುಳ್ಳದ್ದು. ಕಲಿಯ 3600 ವರ್ಷ ಕಳೆದಾಗ ತನಗೆ 23 ವಯಸ್ಸು ಎಂದು ಆರ್ಯಭಟ ಹೇಳಿಕೊಂಡಿದ್ದಾನೆ. ಅದು 499. ವರಾಹಮಿಹಿರ ಎತ್ತಿ ಹೇಳುವ ಇನ್ನೊಂದು ಸಂಪ್ರದಾಯದಲ್ಲಿ ಯುಧಿಷ್ಠಿರನ ಕಾಲ ಶಕಕ್ಕಿಂತ 2526 ವರ್ಷ ಹಿಂದೆ. ರವಿಕೀರ್ತಿ ಆ ದಾರಿ ಹಿಡಿದಿದ್ದರೆ ಮೇಗುತಿಯ ಕಲ್ಲಿನ ಮೇಲೆ 3735 ಇರುತ್ತಿರಲಿಲ್ಲ, 3082 ಇರುತ್ತಿತ್ತು. ಅಂದರೆ ಆರ್ಯಭಟನ ನಂತರ 135 ವರ್ಷದೊಳಗೆ ಜ್ಯೋತಿಷಿಗಳ ಕಲಿ ಲೆಕ್ಕ ಮಲಪ್ರಭೆಯ ದಡದ ಒಬ್ಬ ಜೈನ ಕವಿಯ ಕೈಗೆ ಬಂದಿತ್ತು!

ಹೆಜ್ಜೆ 2: ಗತವೋ, ವರ್ತಮಾನವೋ?

ಮಗುವಿಗೆ ಐದು ತುಂಬಿ ಆರು ನಡೆಯುತ್ತಿದೆ ಅನ್ನುತ್ತೇವೆ, ಅಲ್ವಾ? ಐದು ಗತ, ಆರು ವರ್ತಮಾನ. ವಯಸ್ಸು ಒಂದೇ, ಸಂಖ್ಯೆ ಎರಡು. ಶಾಸನಗಳಲ್ಲೂ ಹಾಗೇ. ‘556 ಕಳೆದ ಮೇಲೆ’ ಅಂದರೂ ‘557ನೇ ವರ್ಷದಲ್ಲಿ’ ಅಂದರೂ ಒಂದೇ ವರ್ಷ.

ರವಿಕೀರ್ತಿ ಅನುಮಾನಕ್ಕೆ ಜಾಗ ಬಿಟ್ಟಿಲ್ಲ. ‘ಸಮತೀತಾಸು’ ಎಂದಿದ್ದಾನೆ, ಪೂರ್ತಿ ಕಳೆದಾಗ. ಹಾಗಾಗಿ 556 ಗತ. ಬಾದಾಮಿಯ ಮೂರನೇ ಗುಹೆಯ ಶಾಸನದಲ್ಲೂ ಇಂಥದ್ದೇ ಪದವಿದೆ, ‘ಅತಿಕ್ರಾಂತೇಷು’. ‘ಗತ’, ‘ಅತೀತ’, ‘ಅತಿಕ್ರಾಂತ’ ಕಂಡರೆ ಅಡಿಗೆರೆ ಹಾಕಿ. ಇಂಥ ಪದ ಇಲ್ಲದಿದ್ದರೆ ಎರಡೂ ಸಾಧ್ಯತೆ ಬರೆದಿಟ್ಟುಕೊಂಡು ಮುಂದೆ ಹೋಗಿ. ನಮ್ಮ ಇಂದಿನ ಪಂಚಾಂಗದ ಶಕವರ್ಷವೂ ಗತ ಲೆಕ್ಕದ್ದೇ.

ಹೆಜ್ಜೆ 3: 78 ಕೂಡಿಸಿ, ಆದರೆ ಅಲ್ಲಿಗೇ ನಿಲ್ಲಬೇಡಿ

ಗತ ಶಕಕ್ಕೆ 78 ಕೂಡಿಸಿ: 556 + 78 = 634. ಕಲಿಯಿಂದ 3101 ಕಳೆದರೂ 634. ಬಹಳ ಜನ ಇಲ್ಲೇ ಪೆನ್ನು ಮುಚ್ಚುತ್ತಾರೆ. ನಾನೂ ಮೊದಮೊದಲು ಹಾಗೇ ಒಂದೇ ಇಸವಿ ಬರೆದಿಡುತ್ತಿದ್ದೆ. ಫಾಲ್ಗುಣ ಮಾಸದ ಒಂದು ಶಾಸನವನ್ನು ಇಡೀ ಒಂದು ವರ್ಷ ಹಿಂದಕ್ಕೆ ತಳ್ಳಿದ್ದು ಗೊತ್ತಾದ ಮೇಲೆ ಆ ಅಭ್ಯಾಸ ಬಿಟ್ಟೆ.

ಶಕವರ್ಷ ಜನವರಿಯಲ್ಲಿ ಶುರುವಾಗುವುದಿಲ್ಲ, ಚೈತ್ರ ಶುದ್ಧ ಪಾಡ್ಯಕ್ಕೆ ಶುರುವಾಗುತ್ತದೆ. ಆದ್ದರಿಂದ ವರ್ಷದ ಎರಡೂ ತುದಿ ಹುಡುಕಬೇಕು. 634ರಲ್ಲಿ ಮಾರ್ಚ್ 5ರ ಆಸುಪಾಸಿಗೆ ಅಮಾವಾಸ್ಯೆ, ಮುಂದಿನದು ಏಪ್ರಿಲ್ ಮೊದಲ ವಾರ. ಸೂರ್ಯ ಮೇಷಕ್ಕೆ ಬರುವುದು ಆ ಕಾಲದಲ್ಲಿ ಮಾರ್ಚ್ 20ರ ಸುಮಾರಿಗೆ. ಯಾವ ಚಾಂದ್ರಮಾಸದೊಳಗೆ ಮೇಷ ಸಂಕ್ರಾಂತಿ ಬೀಳುತ್ತದೋ ಅದು ಚೈತ್ರ. ಹಾಗಾಗಿ ಆ ವರ್ಷದ ಯುಗಾದಿ ಮಾರ್ಚ್ 6ರ ಹೊತ್ತಿಗೆ. ಅಲ್ಲಿಂದ ಹನ್ನೆರಡು ಚಾಂದ್ರಮಾಸ ಎಣಿಸಿದರೆ 635ರ ಫೆಬ್ರವರಿ 22ರ ಸುಮಾರಿಗೆ ವರ್ಷ ಮುಗಿಯುತ್ತದೆ. ನಡುವೆ ಅಧಿಕಮಾಸ ಇಲ್ಲ. ಒಂದೆರಡು ದಿನ ಆಚೀಚೆ ಆಗಬಹುದು, ಜಾಸ್ತಿ ಅಲ್ಲ.

ಐಹೊಳೆ ಶಾಸನದಲ್ಲಿ ಮಾಸವೂ ಇಲ್ಲ, ತಿಥಿಯೂ ಇಲ್ಲ. ಆದ್ದರಿಂದ ಅದರ ನಿಜವಾದ ಕಾಲ ‘634’ ಅಲ್ಲ, ‘634–35’. 634ರ ಮೊದಲ ಎರಡು ತಿಂಗಳು ಅದರಲ್ಲಿ ಇಲ್ಲವೇ ಇಲ್ಲ, ಅವು ಶಕ 555ಕ್ಕೆ ಸೇರಿದವು. ಇದನ್ನು ಮನಸ್ಸಿನಲ್ಲಿಡಿ, ಹೆಜ್ಜೆ 5ರಲ್ಲಿ ಬೇಕಾಗುತ್ತದೆ.

ಮಾಸ ಕೊಟ್ಟ ಶಾಸನವಾದರೆ ಹೀಗೆ ಮಾಡಿ. ಚೈತ್ರದಿಂದ ಮಾರ್ಗಶಿರದವರೆಗೆ 78 ಕೂಡಿಸಿ. ಫಾಲ್ಗುಣಕ್ಕೆ 79. ಪುಷ್ಯ, ಮಾಘ ಬಂದರೆ ಅಮಾವಾಸ್ಯೆಗಳನ್ನು ಎಣಿಸಿಯೇ ತೀರ್ಮಾನಿಸಬೇಕು. ಈಗಿನ ಅಭ್ಯಾಸ ಇಲ್ಲಿ ದಾರಿ ತಪ್ಪಿಸುತ್ತದೆ. ನಮಗೆ ಮಕರ ಸಂಕ್ರಾಂತಿ ಅಂದರೆ ಜನವರಿ ಮಧ್ಯ. ಏಳನೇ ಶತಮಾನದ ಜೂಲಿಯನ್ ಕ್ಯಾಲೆಂಡರಿನಲ್ಲಿ (ಈಗಿನ ಗ್ರೆಗೋರಿಯನ್‌ಗಿಂತ ಮುಂಚಿನ ರೋಮನ್ ಕ್ಯಾಲೆಂಡರು) ಅದು ಡಿಸೆಂಬರ್ 20ರ ಆಸುಪಾಸು. ಶಕ 556ರಲ್ಲಂತೂ ಪುಷ್ಯ ಮಾಸ ಪೂರ್ತಿ 634ರೊಳಗೇ ಮುಗಿದು, ಹೊಸ ಇಸವಿ ಮಾಘದಲ್ಲಿ ಹುಟ್ಟುತ್ತದೆ. ಬಹುಳ ಪಕ್ಷದ ತಿಥಿ ಇದ್ದರೆ ಇನ್ನೂ ಒಂದು ಎಚ್ಚರ: ತಿಂಗಳು ಅಮಾವಾಸ್ಯೆಗೆ ಮುಗಿಯುತ್ತಿತ್ತೋ ಹುಣ್ಣಿಮೆಗೆ ಮುಗಿಯುತ್ತಿತ್ತೋ, ಎರಡೂ ಲೆಕ್ಕ ಹಾಕಿ ನೋಡಿ.

ಹೆಜ್ಜೆ 4: ಸಂವತ್ಸರದ ಹೆಸರು ಸೇರಿಸುವ ಆಸೆ ತಡೆಯಿರಿ

ಇಂದಿನ ನಿಯಮ ಸುಲಭ. ಶಕವರ್ಷಕ್ಕೆ 12 ಕೂಡಿಸಿ, 60ರಿಂದ ಭಾಗಿಸಿ, ಉಳಿದದ್ದನ್ನು ಪ್ರಭವದಿಂದ ಎಣಿಸಿ. 556 + 12 = 568, ಶೇಷ 28, ಅಂದರೆ ಜಯ ಸಂವತ್ಸರ. ಕೇಳಲು ಚೆನ್ನಾಗಿದೆ, ಆದರೆ ಬರೆಯಬೇಡಿ.

ಕಾರಣ ಮಹಾಕೂಟದ ಕಂಬದಲ್ಲಿದೆ. ಬಾದಾಮಿ ಚಾಲುಕ್ಯ ದೊರೆ ಮಂಗಳೇಶನ ಆ ಕಂಬ ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಅವನ ಆಳ್ವಿಕೆಯ 5ನೇ ವರ್ಷ, ಸಿದ್ಧಾರ್ಥ ಸಂವತ್ಸರ ಎಂದಿದೆ. ಇತಿಹಾಸಕಾರರು ಅದನ್ನು 602 ಎಂದು ಗುರುತಿಸುತ್ತಾರೆ, ಅಂದರೆ ಶಕ 524. ಈಗ ನಮ್ಮ ನಿಯಮ ಹಾಕಿ: 524 + 12 = 536, ಶೇಷ 56, ದುಂದುಭಿ. ಕಂಬದ ಮೇಲಿರುವ ಸಿದ್ಧಾರ್ಥ 53ನೆಯದು. ಮೂರು ವರ್ಷ ತಪ್ಪಿತು!

ತಪ್ಪು ಕಂಬದ್ದಲ್ಲ. ಆಗ ಸಂವತ್ಸರಗಳು ನಿಜವಾಗಿ ಗುರುಗ್ರಹದ ಚಲನೆಯನ್ನು ಹಿಂಬಾಲಿಸುತ್ತಿದ್ದವು. ಗುರು ಒಂದು ರಾಶಿ ದಾಟಲು ಒಂದು ವರ್ಷಕ್ಕಿಂತ ಸ್ವಲ್ಪ ಕಡಿಮೆ ಕಾಲ ಸಾಕು. ಹಾಗಾಗಿ ಸುಮಾರು 85 ವರ್ಷಕ್ಕೊಮ್ಮೆ ಒಂದು ಹೆಸರನ್ನು ಹಾರಿಸಬೇಕಾಗುತ್ತಿತ್ತು. ದಕ್ಷಿಣದಲ್ಲಿ ಹತ್ತನೇ ಶತಮಾನದ ಆರಂಭದ ಹೊತ್ತಿಗೆ ಹಾರಿಸುವುದು ನಿಂತು, ಹೆಸರುಗಳು ಸಾಲಾಗಿ ಬರತೊಡಗಿದವು. ಈಗಿನ ನಿಯಮವನ್ನು ಅದಕ್ಕೂ ಹಿಂದಕ್ಕೆ ಎಳೆದರೆ ಸುಳ್ಳು ಹೆಸರು ಸಿಗುತ್ತದೆ. ಬಾದಾಮಿ ಚಾಲುಕ್ಯರ ಕಾಲಕ್ಕೆ ಶಾಸನವೇ ಹೇಳಿದ ಸಂವತ್ಸರವನ್ನು ಮಾತ್ರ ಬರೆಯಿರಿ.

ಹೆಜ್ಜೆ 5: ಅದೇ ವರ್ಷವನ್ನು ಇನ್ನೊಂದು ಊರಿನಿಂದ ನೋಡಿ

ಐಹೊಳೆಯ ಕಲ್ಲಿನಲ್ಲಿ ಸಿಗದ ಒಂದು ವಿಷಯ ಸಿರಿಯಾದಲ್ಲಿ ಸಿಗುತ್ತದೆ: ವಾರ. ಸಿರಿಯಾಕ್ ಭಾಷೆಯಲ್ಲಿ 640ರ ಸುಮಾರಿಗೆ ಬರೆದ ಒಂದು ವೃತ್ತಾಂತದಲ್ಲಿ ಒಂದು ಯುದ್ಧದ ಸುದ್ದಿ ಇದೆ. ಗಾಜಾದಿಂದ ಪೂರ್ವಕ್ಕೆ ಹನ್ನೆರಡು ಮೈಲಿ ದೂರದಲ್ಲಿ ರೋಮನ್ನರಿಗೂ ಅರಬರಿಗೂ ಕಾಳಗವಾಯಿತು ಎನ್ನುತ್ತದೆ. ಕಾಲವನ್ನು ಕೊಟ್ಟಿರುವ ರೀತಿ ನೋಡಿ: 945ನೇ ವರ್ಷ, 7ನೇ ಇಂಡಿಕ್ಷನ್, ಫೆಬ್ರವರಿ 4, ಶುಕ್ರವಾರ, ಒಂಬತ್ತನೇ ಗಂಟೆ. ಒಂದೇ ಘಟನೆಗೆ ಇಷ್ಟು ಮೊಳೆ ಹೊಡೆದಿಟ್ಟಿದ್ದಾರೆ. ಒಂದೊಂದಾಗಿ ಅಲುಗಾಡಿಸಿ ನೋಡೋಣ.

945 ಸೆಲ್ಯೂಸಿಡ್ ವರ್ಷ. ಅಲೆಕ್ಸಾಂಡರನ ಸೇನಾನಿ ಸೆಲ್ಯೂಕಸ್ ಬ್ಯಾಬಿಲೋನಿನಲ್ಲಿ ನೆಲೆ ನಿಂತ ಕಾಲದಿಂದ ಎಣಿಕೆ. ಸಿರಿಯಾದಲ್ಲಿ ಹೊಸ ವರ್ಷ ಅಕ್ಟೋಬರ್ 1ಕ್ಕೆ. ಜನವರಿಯಿಂದ ಸೆಪ್ಟೆಂಬರಿನ ತನಕ 311 ಕಳೆಯಿರಿ, ಅಕ್ಟೋಬರಿನಿಂದ 312. ಫೆಬ್ರವರಿ ಆದ್ದರಿಂದ 945 − 311 = 634.

ಇಂಡಿಕ್ಷನ್ ರೋಮನ್ ಸಾಮ್ರಾಜ್ಯದ ತೆರಿಗೆ ಚಕ್ರ, 15 ವರ್ಷದ್ದು, ಸೆಪ್ಟೆಂಬರ್ 1ಕ್ಕೆ ಬದಲಾಗುತ್ತದೆ. ಎಷ್ಟನೇ ಚಕ್ರ ಎಂದು ಯಾರೂ ಬರೆಯುತ್ತಿರಲಿಲ್ಲ, ಚಕ್ರದೊಳಗಿನ ವರ್ಷ ಮಾತ್ರ. ಇಸವಿಗೆ 3 ಕೂಡಿಸಿ 15ರಿಂದ ಭಾಗಿಸಿ. 637ಕ್ಕೆ ಶೇಷ 7. ಸರಿ ಹೊಂದಿತು. (ಶೇಷ 0 ಬಂದರೆ 15 ಎಂದು ಓದಿ. ಸೆಪ್ಟೆಂಬರ್ 1 ಅಥವಾ ಅದರ ನಂತರದ ದಿನವಾದರೆ ಒಂದು ಜಾಸ್ತಿ ಮಾಡಿ.)

ಈ ಎರಡು ಕಲಿ–ಶಕದ ಹಾಗೆ ಒಂದರಿಂದ ಒಂದು ಹುಟ್ಟಿದವಲ್ಲ. ಒಂದು ಹಳೆಯ ಗ್ರೀಕ್ ರಾಜಮನೆತನದ್ದು, ಇನ್ನೊಂದು ತೆರಿಗೆ ಕಚೇರಿಯದ್ದು. ಆದರೂ ಗಟ್ಟಿ ಸಾಕ್ಷಿ ವಾರ. ಏಳು ದಿನದ ಚಕ್ರಕ್ಕೆ ರಾಜರ ಹಂಗೂ ಇಲ್ಲ, ತೆರಿಗೆಯ ಹಂಗೂ ಇಲ್ಲ.

ಹೆಜ್ಜೆ 6: ವಾರ ಕಂಡುಹಿಡಿಯಿರಿ

ಇದು ಜೂಲಿಯನ್ ಕ್ಯಾಲೆಂಡರಿಗೆ ಮಾತ್ರ ಹೊಂದುವ ಸೂತ್ರ. ಇಸವಿ, ಇಸವಿಯ ಕಾಲುಭಾಗ (ಚಿಲ್ಲರೆ ಬಿಟ್ಟು), ತಾರೀಕು, ತಿಂಗಳ ಅಂಕಿ, ಈ ನಾಲ್ಕನ್ನೂ ಕೂಡಿಸಿ 7ರಿಂದ ಭಾಗಿಸಿ. ಶೇಷ 0 ಶನಿವಾರ, 1 ಭಾನುವಾರ, ಹೀಗೆ 6 ಶುಕ್ರವಾರ. ತಿಂಗಳ ಅಂಕಿಗಳು: ಜನವರಿ 6, ಫೆಬ್ರವರಿ 2, ಮಾರ್ಚ್ 1, ಏಪ್ರಿಲ್ 4, ಮೇ 6, ಜೂನ್ 2, ಜುಲೈ 4, ಆಗಸ್ಟ್ 0, ಸೆಪ್ಟೆಂಬರ್ 3, ಅಕ್ಟೋಬರ್ 5, ನವೆಂಬರ್ 1, ಡಿಸೆಂಬರ್ 3. ಜನವರಿ, ಫೆಬ್ರವರಿಗೆ ಹಿಂದಿನ ಇಸವಿ ಹಾಕಬೇಕು, ಮರೆಯಬೇಡಿ.

ಫೆಬ್ರವರಿ 4, 634: ಇಸವಿ 633, ಕಾಲುಭಾಗ 158, ತಾರೀಕು 4, ತಿಂಗಳಿಗೆ 2. ಒಟ್ಟು 797. ಏಳರಿಂದ ಭಾಗಿಸಿದರೆ ಶೇಷ 6. ಶುಕ್ರವಾರ!

ಹಿಂದಿನ ವರ್ಷ ಹಾಕಿದರೆ ಗುರುವಾರ ಬರುತ್ತದೆ, ಮುಂದಿನ ವರ್ಷ ಹಾಕಿದರೆ ಶನಿವಾರ. ಸಾವಿರದ ಮುನ್ನೂರು ವರ್ಷ ದಾಟಿದ ಒಂದು ಶುಕ್ರವಾರ ನಮ್ಮ ಕಾಗದದ ಮೇಲೆ ಸರಿಯಾಗಿ ಬಂದು ಕೂರುತ್ತದೆ. ಎಷ್ಟು ಸಲ ಮಾಡಿದರೂ ಈ ಲೆಕ್ಕ ನನಗೆ ಹಳೆಯದಾಗಿಲ್ಲ.

ಫೋನಿನ ಆ್ಯಪ್‌ನಲ್ಲಿ ನೋಡುವವರು ಜೋಪಾನ. ಕೆಲವು ಆ್ಯಪ್‌ಗಳು ಈಗಿನ ಗ್ರೆಗೋರಿಯನ್ ಕ್ಯಾಲೆಂಡರನ್ನೇ ಹಿಂದಕ್ಕೆ ಓಡಿಸುತ್ತವೆ. 634ರಲ್ಲಿ ಎರಡಕ್ಕೂ 3 ದಿನದ ವ್ಯತ್ಯಾಸ. ಜೂಲಿಯನ್ ಫೆಬ್ರವರಿ 4 ಅಲ್ಲಿ ಫೆಬ್ರವರಿ 7 ಆಗಿರುತ್ತದೆ. ತಾರೀಕು ಹಾಗೇ ಹಾಕಿದರೆ ವಾರ ತಪ್ಪುತ್ತದೆ.

ಈಗ ಹೆಜ್ಜೆ 3ಕ್ಕೆ ಮರಳಿ. ಗಾಜಾದ ಆ ಶುಕ್ರವಾರ 634ರದ್ದೇ. ಆದರೆ ಐಹೊಳೆಯ ಯುಗಾದಿ ಇನ್ನೂ ಒಂದು ತಿಂಗಳು ದೂರ. ಆ ದಿನ ನಮ್ಮಲ್ಲಿ ಇನ್ನೂ ಗತ ಶಕ 555ರ ವರ್ಷವೇ ಇತ್ತು. ‘ಎರಡೂ 634’ ಎಂದು ಬರೆದರೆ ಎರಡೂ ಒಂದೇ ವರ್ಷದವು ಎನಿಸುತ್ತದೆ. ಐಹೊಳೆಯ ಕಣ್ಣಿನಿಂದ ನೋಡಿದರೆ ಅವು ಬೇರೆ ಬೇರೆ ವರ್ಷ.

ಹೆಜ್ಜೆ 7: ಹಿಜರಿ 13ರ ತುದಿ ಹಿಡಿಯಿರಿ

ಹಿಜರಿ ವರ್ಷ ಪೂರ್ತಿ ಚಾಂದ್ರ. ಅಧಿಕಮಾಸ ಇಲ್ಲದ್ದರಿಂದ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಆರಂಭ ಹುಡುಕಲು, ಹಿಜರಿ ವರ್ಷದಿಂದ 1 ಕಳೆದು 0.9702ರಿಂದ ಗುಣಿಸಿ 622.54 ಕೂಡಿಸಿ. 13ಕ್ಕೆ: 12 × 0.9702 = 11.64. ಕೂಡಿಸಿದರೆ 634.18. ಆ .18ನ್ನು 365ರಿಂದ ಗುಣಿಸಿದರೆ ವರ್ಷದ 66ನೇ ದಿನದ ಹೊತ್ತು, ಅಂದರೆ ಮಾರ್ಚ್ 7.

ಐಹೊಳೆಯ ಯುಗಾದಿ ಮಾರ್ಚ್ 6ರ ಹೊತ್ತಿಗೆ ಅಲ್ವಾ? ಅದೇ ಬಿದಿಗೆಯ ಚಂದ್ರನ ಆಸುಪಾಸಿನಲ್ಲಿ ಎರಡೂ ವರ್ಷ ಶುರುವಾಗಿವೆ. ಆ ವರ್ಷ ಅಧಿಕಮಾಸ ಇಲ್ಲದ್ದರಿಂದ ಚೈತ್ರ ಮತ್ತು ಮೊಹರಂ, ವೈಶಾಖ ಮತ್ತು ಸಫರ್, ಹೀಗೆ ಕೊನೆಯ ತನಕ ಜೋಡಿಯಾಗಿ ನಡೆದಿವೆ. ಶಕ 556 ಮತ್ತು ಹಿಜರಿ 13 ಬಹುಮಟ್ಟಿಗೆ ಒಂದೇ ವರ್ಷ. ಇದು ಆ ಸಲದ ಕೂಡಿಕೆ, ನಿಯಮ ಅಲ್ಲ. ಕೆಲವೇ ವರ್ಷಗಳಲ್ಲಿ ಎರಡೂ ದೂರ ಸರಿದವು.

ಇದನ್ನು ಬಳಸಿ ಒಂದು ದಿನ ಹಿಡಿಯೋಣ. ಮೊದಲ ಖಲೀಫ ಅಬೂಬಕರ್ ತೀರಿಕೊಂಡದ್ದು ಹಿಜರಿ 13ರ ಜುಮಾದಲ್ ಆಖಿರ್ 22ರಂದು. ಅದು ಆರನೇ ತಿಂಗಳು. ಮೊದಲ ಐದು ತಿಂಗಳಿಗೆ 30, 29, 30, 29, 30, ಒಟ್ಟು 148 ದಿನ. ಜೊತೆಗೆ 22, ಅಂದರೆ ವರ್ಷದ 170ನೇ ದಿನ. ಮಾರ್ಚ್ 7ರಿಂದ ಎಣಿಸಿದರೆ ಆಗಸ್ಟ್ 23. ವಾರ: 634 + 158 + 23 + 0 = 815, ಶೇಷ 3, ಮಂಗಳವಾರ. ಪರಂಪರೆ ಹೇಳುವುದು ಸೋಮವಾರ ಸಂಜೆ. ತಪ್ಪಾಯಿತೇ? ಇಲ್ಲ. ಇಸ್ಲಾಮಿಕ್ ದಿನ ಸೂರ್ಯ ಮುಳುಗಿದಾಗ ಶುರುವಾಗುತ್ತದೆ. ಸೋಮವಾರ ಕತ್ತಲಾದರೆ ಮಂಗಳವಾರ ಹುಟ್ಟಿಯಾಯಿತು. ನಮ್ಮ ಲೆಕ್ಕದಲ್ಲಿ ಅದು ಆರನೇ ಮಾಸ ಭಾದ್ರಪದ, ಬಹುಳ ಅಷ್ಟಮಿಯ ಆಸುಪಾಸು. ವರ್ಷಕ್ಕೆ ತುದಿ ಇರುವ ಹಾಗೆ ದಿನಕ್ಕೂ ತುದಿ ಇದೆ, ಅದನ್ನೂ ಕೇಳಿಕೊಳ್ಳಬೇಕು.

ಇನ್ನೊಂದು ಮಾತು. 634ರಲ್ಲಿ ಅರೇಬಿಯಾದಲ್ಲೂ ‘13’ ಎಂದು ಎಣಿಸುತ್ತಿರಲಿಲ್ಲ. ಹಿಜರಿ ಎಣಿಕೆಯನ್ನು ಗೊತ್ತುಮಾಡಿದ್ದು ಖಲೀಫ ಉಮರ್, ನಾಲ್ಕೈದು ವರ್ಷದ ನಂತರ.

ಉಳಿದವು, ಬೇಗ ಬೇಗ

ಈಜಿಪ್ಟಿನ ಡಯೊಕ್ಲೀಷಿಯನ್ ಶಕೆ ಆಗಸ್ಟ್ 29ಕ್ಕೆ ಬದಲಾಗುತ್ತದೆ: ಆ ದಿನದ ತನಕ 350, ಅಲ್ಲಿಂದ 351. ಸ್ಪೇನಿನ ಎಣಿಕೆ 38 ಜಾಸ್ತಿ, 672. ಇರಾನಿನ ಯಜ್ದಗಿರ್ದ್ ಶಕೆ 632ರ ಜೂನ್ 16ಕ್ಕೆ ಶುರುವಾದದ್ದು, 634ರ ಜೂನ್ 16ಕ್ಕೆ 3ನೇ ವರ್ಷ. ಕಾನ್‌ಸ್ಟಾಂಟಿನೋಪಲಿನ ಹೆರಾಕ್ಲಿಯಸ್ ಪಟ್ಟಕ್ಕೆ ಬಂದದ್ದು 610ರ ಅಕ್ಟೋಬರ್ 5. ಹಾಗಾಗಿ 634ರ ಅಕ್ಟೋಬರ್ 5ಕ್ಕೆ 24 ಮುಗಿದು 25 ಹಿಡಿಯಿತು. ಚೀನಾದಲ್ಲಿ ಟಾಂಗ್ ಚಕ್ರವರ್ತಿಯ ಝೆಂಗ್ವಾನ್ ಕಾಲದ 8ನೇ ವರ್ಷ.

ಬರೆದಿಡುವ ಕ್ರಮ

ನನ್ನ ನೋಟ್‌ಬುಕ್ಕಿನಲ್ಲಿ ಐಹೊಳೆಯ ಸಾಲು ಹೀಗಿದೆ: ‘ಶಕ 556 ಗತ (ಕಲಿ 3735 ಗತ), ಮಾಸ ತಿಥಿ ಇಲ್ಲ; ಸುಮಾರು ಮಾರ್ಚ್ 6, 634ರಿಂದ ಫೆಬ್ರವರಿ 22, 635, ಜೂಲಿಯನ್.’ ಕಲ್ಲಿನಲ್ಲಿರುವುದು ಮೊದಲು, ನಮ್ಮ ಲೆಕ್ಕ ಆಮೇಲೆ. ಈ ಕ್ರಮ ತಿರುಗಿಸಬೇಡಿ. ನಾಳೆ ಯಾರಾದರೂ ಸೂತ್ರದಲ್ಲಿ ತಪ್ಪು ಕಂಡುಹಿಡಿದರೆ ಮೂಲ ಸಂಖ್ಯೆ ಅವರ ಕೈಗೆ ಸಿಗಬೇಕು.

ಕೈ ಕುದುರಿಸಲು ಎರಡು ಲೆಕ್ಕ

ಒಂದು, ಬಾದಾಮಿಯ ಮೂರನೇ ಗುಹೆ: ಶಕ 500 ಅತಿಕ್ರಾಂತ, ಕೀರ್ತಿವರ್ಮನ 12ನೇ ವರ್ಷ, ಕಾರ್ತಿಕ ಹುಣ್ಣಿಮೆ. ಕಾರ್ತಿಕ ಮಾರ್ಗಶಿರಕ್ಕಿಂತ ಮುಂಚೆ ಬರುವುದರಿಂದ 78 ಸಾಕು. ನಿಮ್ಮ ಉತ್ತರ 578ರ ಅಕ್ಟೋಬರ್ 31ರ ಆಸುಪಾಸಿಗೆ ಬರಬೇಕು.

ಎರಡು, ವಿಯೆನ್ನಾದಲ್ಲಿರುವ ಒಂದು ಪಪೈರಸ್ ಹಾಳೆ. ಈಜಿಪ್ಟಿನಲ್ಲಿ ಕುರಿ ಪಡೆದದ್ದಕ್ಕೆ ಕೊಟ್ಟ ರಸೀದಿ ಅದು, ಗ್ರೀಕ್ ಮತ್ತು ಅರಬ್ಬಿ ಎರಡರಲ್ಲೂ ಇದೆ. ಗ್ರೀಕ್ ಭಾಗ 1ನೇ ಇಂಡಿಕ್ಷನ್ ಎನ್ನುತ್ತದೆ, ಜೊತೆಗೆ ಕೊಟ್ಟಿರುವ ಈಜಿಪ್ಟಿನ ತಾರೀಕು ಏಪ್ರಿಲ್ 25ಕ್ಕೆ ಸಮ. ಅರಬ್ಬಿ ಭಾಗ 22ನೇ ವರ್ಷದ ಜುಮಾದಲ್ ಊಲಾ ಎನ್ನುತ್ತದೆ. ಅದು ಐದನೇ ತಿಂಗಳು. ಹೆಜ್ಜೆ 7ರ ಸೂತ್ರದಿಂದ 22ರ ಆರಂಭ ಹುಡುಕಿ, ನಾಲ್ಕು ತಿಂಗಳು ದಾಟಿ, ಸಿಕ್ಕ ಇಸವಿಗೆ 3 ಕೂಡಿಸಿ 15ರಿಂದ ಭಾಗಿಸಿ. ಶೇಷ 1 ಬಂದರೆ ನೀವು 643ಕ್ಕೆ ತಲುಪಿದ್ದೀರಿ.